ಏಳನೇ ನಂಬರಿನ ಅರ್ಜಿ

ಸಿಂಧನೂರಿನ ಕುಷ್ಟಗಿ ರಸ್ತೆಯಲ್ಲಿ, ಕ್ರಿಮಿನಾಶಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಮಲ್ಲೇಶನ ಸಾಫ್ಟ್‌ವೇರ್ ಕಂಪನಿ ಇತ್ತು. ಹನ್ನೆರಡು ಜನ ಕೆಲಸಗಾರರು. ಕೆಳಗಿನಿಂದ ಔಷಧಿಯ ಘಾಟು ಮೆಟ್ಟಿಲು ಹತ್ತಿ ಬಂದು, ಮಧ್ಯಾಹ್ನದ ಊಟದ ಡಬ್ಬಿಯಲ್ಲೂ ಸೇರಿಕೊಳ್ಳುತ್ತಿತ್ತು. ಯಶೋಧರಾ ಅಲ್ಲಿ ಆರು ವರ್ಷದಿಂದ ಇದ್ದಳು. ಬೇರೆಯವರು ಕಟ್ಟಿದ ವೆಬ್‌ಸೈಟು ಎಷ್ಟು ಜನರ ಭಾರ ತಡೆಯುತ್ತದೆ, ಎಲ್ಲಿ ಕುಸಿಯುತ್ತದೆ ಎಂದು ಮೊದಲೇ ಕುಸಿಸಿ ನೋಡುವುದು ಅವಳ ಕೆಲಸ. ಆ ಕೆಲಸದಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು. ಯಶೋಧರಾ ನೋಡಿದ್ದಾಳೆ ಅಂದರೆ ಮಲ್ಲೇಶ ಮತ್ತೆ ನೋಡುತ್ತಿರಲಿಲ್ಲ.

ಆ ವರ್ಷ ದೀಪಾವಳಿಗೆ ಮುಂಚೆ ಒಂದು ಟ್ರಸ್ಟಿನ ಕೆಲಸ ಬಂತು. ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ಕಿವಿಯೊಳಗೆ ಯಂತ್ರ ಕೂರಿಸುವ ಆಪರೇಷನ್ನನ್ನು ಆ ಟ್ರಸ್ಟು ಪುಕ್ಕಟೆ ಮಾಡಿಸುತ್ತಿತ್ತು. ವರ್ಷಕ್ಕೊಮ್ಮೆ ಲಿಂಗಸೂಗೂರಿನಲ್ಲಿ ತಪಾಸಣೆಯ ಶಿಬಿರ. ಮೊದಲು ಅರ್ಜಿ ಹಾಕಿದ ಮುನ್ನೂರು ಮಕ್ಕಳನ್ನು ನೋಡುತ್ತಾರೆ. ಯೋಗ್ಯರೆಂದು ಕಂಡವರಲ್ಲಿ ಅರ್ಜಿಯ ನಂಬರಿನ ಪ್ರಕಾರ ಮೊದಲ ಮೂವತ್ತು ಮಕ್ಕಳಿಗೆ ಆಪರೇಷನ್. ಆಪರೇಷನ್ ಆಗುವ ದಿನ ಮಗುವಿಗೆ ಐದು ವರ್ಷ ತುಂಬಿರಬಾರದು. ಅದನ್ನು ಮೀರಿದರೆ ಮಾತು ಕಲಿಯುವುದು ಕಷ್ಟ ಅನ್ನುವುದು ಅವರ ಡಾಕ್ಟರುಗಳ ಲೆಕ್ಕ. ಹಿಂದಿನ ವರ್ಷ ಅರ್ಜಿ ಶುರುವಾದ ಹತ್ತೇ ನಿಮಿಷಕ್ಕೆ ವೆಬ್‌ಸೈಟು ಮಲಗಿಬಿಟ್ಟಿತ್ತು. ಈ ಸಲ ಹಾಗಾಗಬಾರದು ಎಂದು ಅದನ್ನು ಮಲ್ಲೇಶನಿಗೆ ಕೊಟ್ಟಿದ್ದರು.

ಯಶೋಧರಾ ಒಂದು ಪ್ರೋಗ್ರಾಂ ಬರೆದಳು. ಬಾಡಿಗೆಗೆ ಪಡೆದ ದೂರದ ಕಂಪ್ಯೂಟರುಗಳಲ್ಲಿ ಒಂದೇ ಹೊತ್ತಿಗೆ ಐನೂರು ಬ್ರೌಸರುಗಳು ತೆರೆದುಕೊಳ್ಳಬೇಕು, ಒಂದೊಂದೂ ಒಬ್ಬೊಬ್ಬ ತಾಯಿಯೋ ತಂದೆಯೋ ಕೂತು ತುಂಬಿದ ಹಾಗೆ ಮಗುವಿನ ಹೆಸರು ಬರೆದು, ಊರು ಆರಿಸಿ, ದವಾಖಾನೆಯ ಕಾಗದದ ಫೋಟೋ ಏರಿಸಿ, ಕೊನೆಯ ಗುಂಡಿ ಒತ್ತಬೇಕು. ಪರದೆಯ ಮೇಲೆ ಏನೂ ಕಾಣುವುದಿಲ್ಲ. ಆದರೆ ಆ ಕಡೆಯ ಸರ್ವರಿಗೆ ಐನೂರು ಜನ ನುಗ್ಗಿದಂತೆಯೇ ಲೆಕ್ಕ.

ಹೆಸರುಗಳದ್ದೊಂದು ತೊಡಕಾಯಿತು. ಟೆಸ್ಟ್ ಒಂದು, ಟೆಸ್ಟ್ ಎರಡು ಎಂದು ಕೊಟ್ಟರೆ ಫಾರಂ ಒಪ್ಪುತ್ತಿರಲಿಲ್ಲ. ಅಂಕಿ ನಡೆಯದು, ಒಂದೇ ಊರಿನಿಂದ ಒಂದೇ ಹೆಸರು ಎರಡು ಸಲ ನಡೆಯದು. ಅವತ್ತು ಸಂಜೆ ಮನೆಯಲ್ಲಿ ಅವ್ವ ಜೋಗಮ್ಮ ಸಜ್ಜಿ ಹಸನು ಮಾಡುತ್ತ ಕೂತಿದ್ದಳು. ಯಶೋಧರಾ ಪೆನ್ನು ಹಿಡಿದು ಪಕ್ಕದಲ್ಲಿ ಕೂತಳು.

"ಅವ್ವ, ಹಳೇ ಹೆಸರು ಹೇಳು. ಈಗಿನ ಮಕ್ಕಳಿಗೆ ಯಾರೂ ಇಡಬಾರದು, ಅಂಥವು."

"ಯಾಕ ಬೇಕವ್ವಾ ಅವು?"

"ಕೆಲಸಕ್ಕ."

ಜೋಗಮ್ಮ ಮೊರ ಕೆಳಗಿಟ್ಟು ಹೇಳುತ್ತ ಹೋದಳು. ಗ್ಯಾನಪ್ಪ, ಹುಲಿಗೆವ್ವ, ಯಂಕೋಬ, ದುರ್ಗಾದೇವಿ, ತಿಮ್ಮವ್ವ. ಸತ್ತವರು, ಇದ್ದವರು, ಮದುವೆಯಾಗಿ ಹೋದವರು. ನಲವತ್ತು ಹೆಸರಾದವು. ಅದರ ಜೊತೆಗೆ ಗೊರೇಬಾಳ, ಮುಕ್ಕುಂದ, ಗುರುಗುಂಟಾ ಎಂದು ಇಪ್ಪತ್ತೈದು ಊರು. ಹೆಸರಿಗೂ ಊರಿಗೂ ಗಂಟು ಹಾಕಿದರೆ ಸಾವಿರ ಮಕ್ಕಳು. ಯಾರ ಮನೆಯಲ್ಲೂ ಇಲ್ಲದ ಸಾವಿರ ಮಕ್ಕಳು.

ಪರೀಕ್ಷೆಗೆಂದೇ ವೆಬ್‌ಸೈಟಿನ ಬೇರೊಂದು ಪ್ರತಿ ಇತ್ತು. ಹತ್ತು ದಿನ ಅದರ ಮೇಲೆ ದಿನಾ ಬೆಳಿಗ್ಗೆ ಹತ್ತಕ್ಕೆ ತಾನೇ ಶುರುವಾಗುವಂತೆ ಯಶೋಧರಾ ಪ್ರೋಗ್ರಾಮಿಗೆ ಗಂಟೆ ಕಟ್ಟಿದ್ದಳು. ಮೊದಲ ದಿನ ಇನ್ನೂರಕ್ಕೇ ಸುಸ್ತಾಯಿತು. ಸರ್ವರ್ ನೋಡಿಕೊಳ್ಳುವ ಹನುಮಂತು ಅದನ್ನು ಬಿಗಿ ಮಾಡಿದ. ಆಮೇಲೆ ನಾನೂರು. ಕೊನೆಗೆ ಐನೂರೂ ತಡೆದುಕೊಂಡಿತು.

ಸೋಮವಾರ ಹತ್ತಕ್ಕೆ ಅರ್ಜಿ ತೆರೆಯುವುದಿತ್ತು. ಭಾನುವಾರ ಮಧ್ಯಾಹ್ನ ಮಲ್ಲೇಶ ಬಂದು, "ಪ್ರತಿ ಮ್ಯಾಲ ಸಾಕು. ಒಂದ್ ಸಲ ಖುದ್ದ ಅಸಲೀದರ ಮ್ಯಾಲ ಓಡಸ್ರಿ. ನಾಳಿ ಏನರ ಆದ್ರ ನಾ ಯಾರ ಮಕ ನೋಡ್ಲಿ?" ಅಂದ. ಅವನ ಮಾತಿನಲ್ಲೂ ನ್ಯಾಯವಿತ್ತು. ಯಶೋಧರಾ ಪ್ರೋಗ್ರಾಮಿನಲ್ಲಿ ವಿಳಾಸದ ಒಂದು ಸಾಲು ಬದಲಿಸಿದಳು. ನಾಲ್ಕು ಗಂಟೆಗೆ ಅಸಲಿ ವೆಬ್‌ಸೈಟಿನ ಮೇಲೆ ಓಡಿಸಿದಳು. ಸುಸೂತ್ರವಾಗಿ ನಡೆಯಿತು. ಬಿದ್ದ ಸುಳ್ಳು ಅರ್ಜಿಗಳನ್ನೆಲ್ಲ ಹನುಮಂತು ಗುಡಿಸಿ ಖಾಲಿ ಮಾಡಿದ. ಮೂವರೂ ಚಹಾ ಕುಡಿದು ಮನೆಗೆ ಹೋದರು.

ವಿಳಾಸದ ಆ ಸಾಲನ್ನು ಅವಳು ಮೊದಲಿನಂತೆ ಮಾಡಲಿಲ್ಲ. ಹತ್ತರ ಗಂಟೆಯನ್ನೂ ಬಿಚ್ಚಲಿಲ್ಲ. ಮರೆತಳು, ಅಷ್ಟೆ. ಅದಕ್ಕೆ ಬೇರೆ ಕಾರಣವನ್ನು ಅವಳು ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ.

ಸೋಮವಾರ ಹತ್ತಾಗಿ ಮೂರು ನಿಮಿಷಕ್ಕೆ ಟ್ರಸ್ಟಿನವರ ಫೋನು ಬಂತು. ಮಲ್ಲೇಶ ಮೊದಲು ನಕ್ಕ, ಇಷ್ಟು ಬೇಗ ಮುನ್ನೂರು ತುಂಬಿತೆ ಎಂದು. ಹನುಮಂತು ಪಟ್ಟಿ ತೆರೆದ. ಹುಲಿಗೆವ್ವ, ಗೊರೇಬಾಳ. ಯಂಕೋಬ, ಮುಕ್ಕುಂದ. ತಿಮ್ಮವ್ವ, ಗೊರೇಬಾಳ. ಪರದೆ ತುಂಬ ಅವೇ.

"ಅಕ್ಕ," ಅಂದ ಅವನು, "ಇವು ನಿಮ್ಮವು."

ಮನುಷ್ಯರು ಒಂದು ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಯಶೋಧರಾಳ ಪ್ರೋಗ್ರಾಮಿನ ಮಕ್ಕಳು ಇಡೀ ಫಾರಂ ತುಂಬಿ ಮುಗಿಸುತ್ತಿದ್ದರು. ಅವಳು ಮೊದಲು ಪ್ರೋಗ್ರಾಂ ನಿಲ್ಲಿಸಿದಳು. ಅಷ್ಟರಲ್ಲಿ ಮಲ್ಲೇಶ ಬೆನ್ನ ಹಿಂದೆ ಬಂದು ನಿಂತಿದ್ದ. ಎರಡು ಫೋನು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. "ತಗಿ ಅವನ್ನ. ಜಲ್ದಿ ತಗಿ. ಅಲ್ಲಿ ಜನ ಅರ್ಜಿ ಹಾಕಾಕ ಕಾದು ಕುಂತಾರ."

ತೆಗೆಯುವುದು ಹೇಗೆ? ನಿಂತು ಯೋಚಿಸಿದ್ದರೆ ಸಾವಧಾನದ ದಾರಿ ಒಂದಿತ್ತು. ಪ್ರೋಗ್ರಾಂ ಕಳಿಸಿದ ಒಂದೊಂದು ಅರ್ಜಿಯೂ ಅದರ ದಾಖಲೆಯಲ್ಲಿ ಇರುತ್ತಿತ್ತು, ತಾಳೆ ನೋಡಿ ತೆಗೆಯಬಹುದಿತ್ತು. ಅದಕ್ಕೆ ಅರ್ಧ ಗಂಟೆಯಾದರೂ ಬೇಕು. ಅವಳು ಹತ್ತಿರದ ದಾರಿ ಹಿಡಿದಳು. ತನ್ನ ನಲವತ್ತು ಹೆಸರು, ಇಪ್ಪತ್ತೈದು ಊರು, ಎರಡೂ ಕೂಡಿಬಂದ ಅರ್ಜಿಯನ್ನೆಲ್ಲ ಅಳಿಸು ಎಂದು ಒಂದು ಸಾಲು ಬರೆದು ಗುಂಡಿ ಒತ್ತಿದಳು. ಹತ್ತಾಗಿ ಹದಿನೆಂಟು ನಿಮಿಷಕ್ಕೆ ವೆಬ್‌ಸೈಟು ಮತ್ತೆ ತೆರೆಯಿತು. ಹತ್ತೂ ಐವತ್ತಕ್ಕೆ ಮುನ್ನೂರು ನಿಜವಾದ ಮಕ್ಕಳಿಂದ ತುಂಬಿತು. ಟ್ರಸ್ಟಿನವರು ಸಣ್ಣದೊಂದು ತಾಂತ್ರಿಕ ಅಡಚಣೆ ಎಂಬ ಮಾತನ್ನು ಒಪ್ಪಿಕೊಂಡರು.

ಮಧ್ಯಾಹ್ನ ಊಟವಾದ ಮೇಲೆ ಅವಳು ದಾಖಲೆ ತೆಗೆದು ನೋಡಿದಳು. ಪ್ರೋಗ್ರಾಂ ಕಳಿಸಿದ್ದ ಅರ್ಜಿ ಇನ್ನೂರ ಎಂಬತ್ತಾರು. ಅಳಿಸಿದ್ದು ಇನ್ನೂರ ಎಂಬತ್ತೇಳು.

ಮೂರು ಸಲ ಎಣಿಸಿದಳು. ಹನುಮಂತುವಿನ ಹತ್ತಿರ ಪಟ್ಟಿಯ ಹಳೆಯ ನಕಲಿತ್ತು, ಆದರೆ ಅದು ಒಂಬತ್ತು ಗಂಟೆಯದು, ಖಾಲಿ. ಮಲ್ಲೇಶನಿಗೆ ಹೇಳಿದಳು.

"ಒಂದು ಖರೇದು ಹೋಗೈತಿ ಅಂತಿ. ಯಾರದು?"

"ಗೊತ್ತಿಲ್ರಿ ಸರ್. ಅಳಿಸಿಬಿಟ್ಟೀನಿ."

"ಅವರೇ ಫೋನ್ ಮಾಡ್ತಾರ ಬಿಡು. ಮಾಡಿದ್ರ ನೋಡೂಣು. ನಾವಾಗೇ ಹೋಗಿ ಬೆಂಕಿ ಹಚ್ಚಿಕೊಳ್ಳೂದು ಬ್ಯಾಡ."

ಯಾರೂ ಫೋನು ಮಾಡಲಿಲ್ಲ. ಮಂಗಳವಾರ ಯಶೋಧರಾಗೆ ಹೊಳೆಯಿತು. ಅರ್ಜಿ ಅಳಿಸಿದರೂ ಅದರೊಂದಿಗೆ ಏರಿಸಿದ ಫೋಟೋ ಬೇರೆ ಕಡೆ ಉಳಿದಿರುತ್ತದೆ. ಅವಳ ಸುಳ್ಳು ಮಕ್ಕಳೆಲ್ಲರಿಗೂ ಒಂದೇ ಬಿಳಿ ಹಾಳೆಯ ಫೋಟೋ. ಒಡೆಯನಿಲ್ಲದೆ ಉಳಿದ ಆ ರಾಶಿಯಲ್ಲಿ ಒಂದು ಮಾತ್ರ ಬೇರೆ ಇತ್ತು. ದವಾಖಾನೆಯ ಮಡಿಕೆ ಬಿದ್ದ ಕಾಗದ. ದುರ್ಗಾದೇವಿ, ತಂದೆ ಮಾಳಿಂಗರಾಯ, ಗುರುಗುಂಟಾ. ವಯಸ್ಸು ನಾಲ್ಕು ವರ್ಷ ಹತ್ತು ತಿಂಗಳು.

ಮರುದಿನ ರಜೆ ಹಾಕಿ ಅವಳು ಲಿಂಗಸೂಗೂರಿನ ಬಸ್ಸು ಹತ್ತಿದಳು. ಮಸ್ಕಿಯವರೆಗೂ ಇಳಿದುಬಿಡಬೇಕು ಅನಿಸುತ್ತಿತ್ತು. ಮಸ್ಕಿಯಲ್ಲಿ ಬಸ್ಸು ನಿಂತಾಗ ಬಾಗಿಲ ತನಕ ಹೋಗಿ, ನೀರಿನ ಬಾಟಲಿ ಕೊಂಡು, ಮತ್ತೆ ಬಂದು ಕೂತಳು. ಲಿಂಗಸೂಗೂರಿನಲ್ಲಿ ಇನ್ನೊಂದು ಬಸ್ಸು ಹಿಡಿದು ಗುರುಗುಂಟಾ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಕುರಿ ಮಾಳಿಂಗರಾಯನ ಮನೆ ಎಂದರೆ ಯಾರಾದರೂ ತೋರಿಸುವಂತಿತ್ತು.

ಅವನು ಮನೆಯಲ್ಲಿರಲಿಲ್ಲ. ಕುರಿ ಹೊಡಕೊಂಡು ನೀರಾವರಿ ಸೀಮೆಗೆ, ಮುಕ್ಕುಂದದ ಕಡೆ ಹೋಗಿದ್ದ. ಹೆಂಡತಿ ಯಮನೂರಮ್ಮ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ಯಶೋಧರಾಳ ವಯಸ್ಸಿನವಳೇ. ಪಕ್ಕದಲ್ಲಿ ಹುಡುಗಿಯೊಂದು ಬಟ್ಟೆಯ ತುಂಡುಗಳನ್ನು ಬಣ್ಣಕ್ಕೊಂದರಂತೆ ಬೇರೆ ಮಾಡುತ್ತಿತ್ತು. ಯಶೋಧರಾಳ ನೆರಳು ಬಟ್ಟೆಯ ಮೇಲೆ ಬಿದ್ದಾಗ ತಲೆ ಎತ್ತಿ ನೋಡಿತು.

"ಟ್ರಸ್ಟಿನ ಅರ್ಜಿ ವಿಚಾರಕ್ಕ ಬಂದೀನ್ರಿ," ಅಂದಳು ಯಶೋಧರಾ.

ಯಮನೂರಮ್ಮನ ಮುಖ ಅರಳಿತು. ಒಳಗೆ ಹೋಗಿ ಫೋನು ತಂದಳು. "ಬರ್ರಿ ಅಕ್ಕಾರ, ಕುಂದರ್ರಿ. ನಂಬರ್ ಬಂದೈತಿ ನೋಡ್ರಿ, ಏಳನೇದು. ಲಿಂಗಸೂಗೂರಾಗ ನಾಸೀರಣ್ಣನ ನೆಟ್ ಅಂಗಡಿ ಐತಲ್ಲ, ಎಂಟಕ್ಕ ಹೋಗಿ ಕುಂತಿದ್ದೆ ನಾನು. ಅಂವ ಎಲ್ಲ ತಯಾರ ಮಾಡಿ ಇಟ್ಟಿದ್ದ. ಹತ್ತು ಹೊಡಿಯೂದ ತಡ, ಒತ್ತಿಬಿಟ್ಟ. ಏಳು ಅಂದ್ರ ಗ್ಯಾರಂಟಿ ಅಂತ ಹೇಳ್ಯಾನ."

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಯಶೋಧರಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸುಳ್ಳು ಅರ್ಜಿ, ಅಳಿಸಿದ್ದು, ಅದರ ಜೊತೆಗೆ ನಿಜದ್ದೊಂದು ಹೋದದ್ದು. ಯಮನೂರಮ್ಮನಿಗೆ ಮೊದಲು ತಿಳಿಯಲಿಲ್ಲ. ಫೋನನ್ನು ಮುಂದೆ ಚಾಚಿ, "ಇಲ್ಲಿ ಐತಲ್ರಿ?" ಅಂದಳು.

"ನಿಮ್ಮ ಫೋನಿನ್ಯಾಗ ಐತ್ರಿ. ಅಲ್ಲಿ ಇಲ್ಲ."

ಯಮನೂರಮ್ಮ ಕೌದಿಯ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ನಮ್ಮ ಅತ್ತೀ ಹೆಸರ್ರಿ ಅದು. ಅಕಿ ಸತ್ತ ಮ್ಯಾಲ ಹುಟ್ಟ್ಯಾಳಂತ ಇಟ್ಟಿವಿ," ಅಂದಳು. "ಬ್ಯಾರೆ ಹೆಸರಿಟ್ಟಿದ್ರ ಉಳೀತಿತ್ತೇನು?"

"ಹೆಸರಿಂದ ತಪ್ಪಿಲ್ರಿ. ತಪ್ಪು ನಂದು. ನಾ ಸರಿ ಮಾಡಸ್ತೀನಿ."

ಮರಳುವಾಗ ಲಿಂಗಸೂಗೂರಿನಲ್ಲೇ ಇಳಿದು ಟ್ರಸ್ಟಿನ ಕಚೇರಿಗೆ ಹೋದಳು. ಶಿಬಿರದ ಉಸ್ತುವಾರಿ ದಾವಲ್‌ಬೀ ಅವರದು. ಅರವತ್ತು ದಾಟಿದ ಹೆಂಗಸು, ನಿವೃತ್ತ ನರ್ಸು. ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು.

"ನಿಮ್ಮ ಕಂಪನಿ ಬರೆದು ಕೊಡ್ತದೇನು, ಹಿಂಗ ನಮ್ಮಿಂದ ಆಗೈತಿ ಅಂತ?"

ಮಲ್ಲೇಶ ಬರೆದುಕೊಡಲಿಲ್ಲ. ಕೂಗಾಡಲೂ ಇಲ್ಲ. ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ, "ಯಶೋಧರಾ, ಈ ಕಾಗದ ಹೊರಗ ಹೋದ್ರ ನಾಳಿ ನಮಗ ಯಾರು ಕೆಲಸ ಕೊಡ್ತಾರ? ಹನ್ನೆರಡು ಮನಿ ಅದಾವ. ನಾ ಕೈ ಮುಗೀತೀನಿ," ಅಂದ. ಅವನು ನಿಜಕ್ಕೂ ಕೈ ಮುಗಿದ. ಅವಳಿಗೆ ಅದನ್ನು ನೋಡಲಾಗಲಿಲ್ಲ.

ಎರಡು ದಿನ ಬಿಟ್ಟು ಅವಳು ತನ್ನ ಹೆಸರಿನಲ್ಲೇ ಬರೆದಳು. ಗಂಟೆ ಬಿಚ್ಚಲು ಮರೆತದ್ದು, ಹೆಸರಿನ ಪಟ್ಟಿ, ಅವಸರ, ಎರಡು ಲೆಕ್ಕದ ನಡುವಿನ ಒಂದು. ಎರಡು ಪುಟವಾಯಿತು. ದಾವಲ್‌ಬೀ ಅವರ ಕೈಗೆ ಕೊಟ್ಟು ಬಂದಳು. ವಾರದೊಳಗೆ ಟ್ರಸ್ಟು ಮಲ್ಲೇಶನಿಂದ ಕೆಲಸ ವಾಪಸು ತೆಗೆದುಕೊಂಡಿತು. ತಿಂಗಳ ಕೊನೆಯ ದಿನ ಮಲ್ಲೇಶ, ಒಂದನೇ ತಾರೀಖಿನಿಂದ ಬರುವುದು ಬೇಡ ಎಂದ. ಅವಳು ಡಬ್ಬಿ, ಕೊಡೆ ತೆಗೆದುಕೊಂಡು ಇಳಿಯುವಾಗ ಹನುಮಂತು ಮೆಟ್ಟಿಲಲ್ಲಿ ಎದುರಾಗಿ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ.

ಕಾಗದದಿಂದ ಒಂದು ಉಪಕಾರವಾಯಿತು. ದುರ್ಗಾದೇವಿಯನ್ನು ಶಿಬಿರದಲ್ಲಿ ನೋಡಲು ಟ್ರಸ್ಟಿನವರು ಒಪ್ಪಿದರು. ಮುನ್ನೂರ ಒಂದನೆಯವಳಾಗಿ.

ಶಿಬಿರ ಲಿಂಗಸೂಗೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಮುನ್ನೂರು ಮಕ್ಕಳಿದ್ದರೂ ಒಳಗೆ ಮಕ್ಕಳ ಗದ್ದಲವಿರಲಿಲ್ಲ. ದೊಡ್ಡವರ ಮಾತು, ಕುರ್ಚಿ ಎಳೆಯುವ ಸದ್ದು ಮಾತ್ರ. ಯಶೋಧರಾ ಬೆಳಿಗ್ಗೆಯಿಂದ ಯಮನೂರಮ್ಮನ ಪಕ್ಕದಲ್ಲಿ ಕೂತಿದ್ದಳು. ಹುಡುಗಿ ಯಶೋಧರಾಳ ಕೈಗಡಿಯಾರವನ್ನು ತಿರುಗಿಸಿ ತಿರುಗಿಸಿ ನೋಡುತ್ತಿತ್ತು.

ಮೂರು ಗಂಟೆಗೆ ಇನ್ನೂರ ಹನ್ನೆರಡನೇ ನಂಬರಿನ ಮಗುವಿನೊಂದಿಗೆ ಮೂವತ್ತು ತುಂಬಿತು. ಗೊರೇಬಾಳದ ಹುಡುಗ ಅದು. ಅವರಪ್ಪ ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಗೆ ಹೋದ, ಬಾಗಿಲು ತಗಲದಂತೆ ಮೊಣಕಾಲು ಬಗ್ಗಿಸಿ.

ಐದೂವರೆಗೆ ದುರ್ಗಾದೇವಿಯ ಸರದಿ ಬಂತು. ಡಾಕ್ಟರು ಚೆನ್ನಾಗಿಯೇ ನೋಡಿದರು. ಕಿವಿಯ ನರ ಸರಿ ಇದೆ, ಹುಡುಗಿ ಚುರುಕಾಗಿದ್ದಾಳೆ, ಆಪರೇಷನ್ನಿಗೆ ಯೋಗ್ಯಳು ಎಂದು ಬರೆದರು. ಕಾಯುವವರ ಪಟ್ಟಿಯಲ್ಲಿ ಹನ್ನೊಂದನೆಯ ಹೆಸರಾಯಿತು.

ಯಶೋಧರಾ ದಾವಲ್‌ಬೀ ಅವರನ್ನು ಬಾಗಿಲ ಹತ್ತಿರ ಹಿಡಿದಳು. "ಮೇಡಂ, ಅಕಿದು ಏಳನೇ ನಂಬರ್ರಿ. ನಾ ಬರೆದು ಕೊಟ್ಟೀನಲ್ರಿ."

"ಓದೀನವ್ವಾ. ಎರಡು ಸಲ ಓದೀನಿ." ದಾವಲ್‌ಬೀ ದಣಿದಿದ್ದರು. "ಏಳು ಅಕಿಗಿ ಕೊಟ್ರ, ಮೂವತ್ತನೇದವರನ್ನ ಕೈಬಿಡಬೇಕು. ಆಗ ಹೋತಲ್ಲ ಹೆಗಲ ಮ್ಯಾಲ, ಆ ಹುಡುಗ. ಅವರಪ್ಪ ಏನೂ ತಪ್ಪು ಮಾಡಿಲ್ಲ. ಅವಗ ಹೋಗಿ ನೀ ಹೇಳ್ತೀ?"

ಹೆಗಲ ಮೇಲೆ ಹೋದವನನ್ನು ಯಶೋಧರಾ ಕೂಡ ನೋಡಿದ್ದಳು. ದಾವಲ್‌ಬೀ ಅವಳ ತೋಳು ಮುಟ್ಟಿ ಒಳಗೆ ಹೋದರು.

ಆಪರೇಷನ್ನುಗಳು ಶುರುವಾದವು. ಯಶೋಧರಾ ಎರಡು ದಿನಕ್ಕೊಮ್ಮೆ ದಾವಲ್‌ಬೀಗೆ ಫೋನು ಮಾಡುತ್ತಿದ್ದಳು. ಯಾರಾದರೂ ಬೇಡವೆಂದರೇ? ಯಾರಿಗಾದರೂ ಜ್ವರವೇ? ಕೇಳಿದ ಮೇಲೆ ತಾನು ಏನು ಕೇಳಿದೆ ಎಂದು ಹೊಳೆಯುತ್ತಿತ್ತು. ಆದರೂ ಮತ್ತೆ ಕೇಳುತ್ತಿದ್ದಳು. ಹನ್ನೊಂದು ಮಕ್ಕಳು ತಪ್ಪಿದರೆ ದುರ್ಗಾದೇವಿಯ ಸರದಿ. ಇಬ್ಬರು ತಪ್ಪಿದರು, ಕಾಯುವವರ ಪಟ್ಟಿಯ ಮೊದಲ ಇಬ್ಬರು ಒಳಗೆ ಹೋದರು. ಅಷ್ಟರಲ್ಲಿ ಡಿಸೆಂಬರ್ ಬಂತು. ಹುಡುಗಿಗೆ ಐದು ತುಂಬುವ ದಿನದ ಹಿಂದಿನ ದಿನ ದಾವಲ್‌ಬೀ ತಾವೇ ಫೋನು ಮಾಡಿದರು. ಮೂವತ್ತೂ ಮುಗಿದವು ಎಂದರು.

ಈ ಮಾತನ್ನು ಫೋನಿನಲ್ಲಿ ಹೇಳುವುದು ಯಶೋಧರಾಗೆ ಆಗಲಿಲ್ಲ. ಯಮನೂರಮ್ಮ ಮಗಳನ್ನು ಕರಕೊಂಡು ಗಂಡನ ಹತ್ತಿರ ಬಂದಿದ್ದಾಳೆ, ಮಂದೆ ಈಗ ಮುಕ್ಕುಂದ ಬಿಟ್ಟು ಗೊರೇಬಾಳದ ಹೊಲದಲ್ಲಿದೆ ಎಂದು ತಿಳಿಯಿತು. ಅವಳು ಬೆಳಿಗ್ಗೆ ಆಟೋ ಹಿಡಿದು ಅಲ್ಲಿಗೆ ಹೋದಳು.

ನೆಲ್ಲು ಕೊಯ್ದ ಗದ್ದೆ. ಕೂಳೆಯ ನಡುವೆ ಕುರಿಗಳು ಮೇಯುತ್ತಿದ್ದವು. ರಾತ್ರಿ ಕುರಿ ಕೂಡುವ ಬಲೆಯ ಹಟ್ಟಿಯ ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಯಮನೂರಮ್ಮ ರೊಟ್ಟಿ ಬಡಿಯುತ್ತಿದ್ದಳು. ಮಾಳಿಂಗರಾಯನನ್ನು ಯಶೋಧರಾ ಅಂದೇ ಮೊದಲು ನೋಡಿದ್ದು. ಎತ್ತರದ ಮನುಷ್ಯ, ಹೆಗಲಿಗೆ ಕಂಬಳಿ. ಅವಳು ಹೇಳಿ ಮುಗಿಸಿದ ಮೇಲೂ ಅವನು ಬಗ್ಗಿ, ಕುಂಟುತ್ತಿದ್ದ ಕುರಿಯ ಗೊರಸಿನಲ್ಲಿ ಸಿಕ್ಕ ಮುಳ್ಳು ಹುಡುಕುತ್ತಲೇ ಇದ್ದ.

"ಮುಂದಿನ ವರ್ಷ?" ಎಂದ, ತಲೆ ಎತ್ತದೆ.

"ಐದು ತುಂಬಿದವರನ್ನ ಅವರು ತಗೊಳ್ಳೂದಿಲ್ರಿ. ಬ್ಯಾರೆ ಕಡೆ ವಿಚಾರಸಾಕತ್ತೀನಿ. ಎರಡು ಕಡೆ ಬರದೀನಿ."

"ಹೂಂ," ಅಂದ ಅವನು.

ಯಮನೂರಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅಕ್ಕಾರ, ಒಂದು ಹೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಅವತ್ತು ನೀವು ನಮ್ಮ ಮನಿಗಿ ಬರದೆ ಇದ್ದಿದ್ರ, ಶಿಬಿರಕ್ಕ ಹೋಗಿ, ಇಲ್ಲ ಅನ್ನಿಸಿಕೊಂಡು ಬರ್ತಿದ್ದಿವಿ. ನಮ್ಮ ನಸೀಬದಾಗ ಇಲ್ಲ ಅಂತ ಸುಮ್ಮನ ಆಗ್ತಿದ್ದಿವಿ. ಈಗ ಹಂಗ ಅನ್ನಾಕೂ ಬರೂದಿಲ್ಲ. ದಿನಾ ಏಳು ಏಳು ಅಂತ ಮನಸಿನ್ಯಾಗ ಬರತೈತಿ."

ಯಶೋಧರಾ ಕೂಳೆಯ ಮೇಲೆ ಕೂತಳು. ಅವತ್ತು ಗುರುಗುಂಟಾಕ್ಕೆ ಹೋಗಿ ಹೇಳಿದ್ದು ಸರಿಯೆಂದೇ ಇಷ್ಟು ದಿನ ತಿಳಿದಿದ್ದಳು. ಕೆಲಸ ಹೋದಾಗಲೂ ಅದೊಂದು ಸಮಾಧಾನ ಅವಳೊಳಗೆ ಉಳಿದಿತ್ತು. ಅದು ಯಾರಿಗಾಗಿ ಎಂದು ಅವಳು ಕೇಳಿಕೊಂಡಿರಲಿಲ್ಲ.

"ಉಣ್ರಿ," ಎಂದು ಯಮನೂರಮ್ಮ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟಳು. ಬೇಡ ಅನ್ನುವ ಧೈರ್ಯವಾಗಲಿಲ್ಲ. ಯಶೋಧರಾ ಮುರಿದು ಬಾಯಿಗಿಟ್ಟಳು.

ಹುಡುಗಿ ದೂರದಲ್ಲಿ, ಕಾಲುವೆಯ ಬದಿಗೆ, ಒಂದು ಮರಿಯ ಹಿಂದೆ ಹೋಗುತ್ತಿತ್ತು. ಮಾಳಿಂಗರಾಯ ಮುಳ್ಳು ಕಿತ್ತು ಎದ್ದು ನಿಂತ. ಮಗಳನ್ನು ಅವನು ಕೂಗಲಿಲ್ಲ. ಮಣ್ಣಿನ ಒಂದು ಸಣ್ಣ ಹೆಂಟೆ ಆರಿಸಿ, ಗುರಿ ನೋಡಿ, ಅವಳ ಮುಂದೆ ಎರಡು ಮಾರು ಬೀಳುವಂತೆ ಎಸೆದ. ಧೂಳು ಎದ್ದದ್ದನ್ನು ಕಂಡು ಹುಡುಗಿ ತಿರುಗಿ ನೋಡಿತು. ಅವನು ಉಣ್ಣಲು ಬಾ ಎಂದು ಕೈ ಬಾಯಿಗೆ ತೋರಿಸಿದ.